ಹಿದಾಸುಕಿಗೆ ಹುಲ್ಲು ಸುತ್ತುವ ದಿನ

ಜಪಾನಿನ ಒಕಾಯಾಮಾ ಸೀಮೆಯ ಬಿಜೆನ್ ಪಾತ್ರೆಗೆ ಗ್ಲೇಜ್ ಎಂಬ ಗಾಜಿನಂಥ ಲೇಪ ಇಲ್ಲ, ಚಿತ್ರವೂ ಇಲ್ಲ. ಅಲ್ಲಿನ ಇಂಬೆಯ ಕುಂಬಾರರು ಗದ್ದೆಯಡಿಯ ಜಿಗುಟು ಮಣ್ಣನ್ನು ಪೈನ್ ಸೌದೆಯಲ್ಲಿ ಹತ್ತು ದಿನಕ್ಕೂ ಮೇಲ್ಪಟ್ಟು ಸುಡುತ್ತಾರೆ. ಅಷ್ಟು ಸೌದೆ ಹೊಂದಿಸುವುದು ಸಣ್ಣ ಸ್ಟುಡಿಯೋಗಳ ಕೈಲಾಗದ ಮಾತು. ಆದರೆ ಪಾತ್ರೆಗೆ ಸುತ್ತಿದ ಭತ್ತದ ಹುಲ್ಲಿನಿಂದ ಮೂಡುವ ಹಿದಾಸುಕಿ ಎಂಬ ಕೆಂಪು ಗೆರೆಗಳಿಗೆ ಸೌದೆಯ ಬೂದಿ ಬೇಡ, ಕರೆಂಟಿನ ಕಿಲ್ನ್, ಅಂದರೆ ಪಾತ್ರೆ ಸುಡುವ ಗೂಡು, ಸಾಕು.

ಸುತ್ತುವ ದಿನದ ಮೊದಲ ಕೆಲಸ ಭತ್ತದ ಹುಲ್ಲಿನದು. ಹುಲ್ಲನ್ನು ಸ್ವಲ್ಪ ಒದ್ದೆ ಮಾಡಿ ಮರದ ಕೊಡತಿಯಿಂದ ಬಡಿಯಬೇಕು. ಬಡಿಯದ ಹುಲ್ಲು ಪಾತ್ರೆಯ ಮೈಗೆ ಕೂರದು. ತಾಗದ ಕಡೆ ಗೆರೆಯೂ ಮೂಡದು. ನೆನೆಹಾಕಿ ಮರೆತರೆ ಗೆರೆ ಮೂಡಿಸುವ ಹುಲ್ಲಿನ ಪೊಟ್ಯಾಸಿಯಂ ನೀರಿಗೆ ಇಳಿದುಹೋಗುತ್ತದೆ. ಮಳೆಗೆ ನೆನೆದ ಬಣವೆಯ ಹುಲ್ಲು ಬೇಡ ಅನ್ನುವುದೂ ಇದಕ್ಕೇ.

800 ಡಿಗ್ರಿಗೆ ಒಮ್ಮೆ ಸುಟ್ಟ ಪಾತ್ರೆಗೆ ಸುತ್ತುವುದು ಸಲೀಸು. ಹಸಿ ಪಾತ್ರೆ ಹುಲ್ಲಿನ ನೀರು ಕುಡಿದು ಅಂಚು ಕಳಚಿಕೊಳ್ಳುತ್ತದೆ. ಎರಡು ಮೂರು ಎಳೆ ಸಾಕು. ಚಂದಕ್ಕೆಂದು ಪೂರ್ತಿ ಸುತ್ತುವವರಿದ್ದಾರೆ, ನನಗದು ಹಿಡಿಸದು. ಒಂದರೊಳಗೊಂದು ಇಟ್ಟ ಪಾತ್ರೆಗಳು ಅಂಟದಿರಲಿ ಎಂದು ಹಾಕುತ್ತಿದ್ದ ಹುಲ್ಲು ಇದು. ಬೇಕಾದಲ್ಲಷ್ಟೇ ಇದ್ದರೆ ಗೆರೆಗೂ ಬಿಡುವು ಸಿಗುತ್ತದೆ. ಎಳೆಗಳು ರಾಶಿಯಾದಲ್ಲಿ ಮಣ್ಣು ಕರಗಿ ಗಾಜಿನ ಹೊಳಪು ಬರುತ್ತದೆ.

ಸುತ್ತಿದ ಪಾತ್ರೆಗಳನ್ನು ಸ್ಯಾಗರಿನಲ್ಲಿ, ಅಂದರೆ ಬೆಂಕಿ ತಾಳುವ ಮಣ್ಣಿನ ಡಬ್ಬಿಯಲ್ಲಿಟ್ಟು, ಮುಚ್ಚಳವನ್ನು ಬಿಗಿಯದೆ ಇಡಬೇಕು. ಸುಮಾರು 600 ಡಿಗ್ರಿವರೆಗೆ ಕಿಲ್ನಿನ ಕಿಂಡಿ ತೆರೆದಿರಲಿ. ಗಾಳಿ ಸಾಲದಿದ್ದರೆ ಗೆರೆ ಬೂದುಬಣ್ಣಕ್ಕೆ ತಿರುಗುತ್ತದೆ.

ಸುಡುವುದು 1230ರಿಂದ 1250 ಡಿಗ್ರಿಗೆ. ಮಂಗಳೂರು ಹೆಂಚಿನ ಮಣ್ಣಿನ ಆಸೆ ಬಿಡಿ, ಈ ಶಾಖಕ್ಕೆ ಅದು ಉಬ್ಬಿ ಕುಸಿಯುತ್ತದೆ. ಬೇಕಾದದ್ದು ಎರಡು ಮೂರು ಪ್ರತಿಶತ ಕಬ್ಬಿಣದ ಆಕ್ಸೈಡ್ ಇರುವ, ಹೆಚ್ಚು ಶಾಖ ತಾಳುವ ಸ್ಟೋನ್‌ವೇರ್ ಮಣ್ಣು. ಕಬ್ಬಿಣವಿಲ್ಲದ ಬಿಳಿ ಮಣ್ಣಿನಲ್ಲಿ ಕೆಂಪು ಹುಟ್ಟದು.

ಎಲ್ಲರೂ ಎಡವುವುದು ಶಾಖ ಇಳಿಸುವಾಗ. ಪೊಟ್ಯಾಸಿಯಂ ಮಣ್ಣಿನ ಮೈಯನ್ನು ತೆಳ್ಳಗೆ ಕರಗಿಸುತ್ತದೆ. ಆ ದ್ರವದಲ್ಲಿ ಮೊದಲು ಅಲ್ಯೂಮಿನಾ (ಅಲ್ಯೂಮಿನಿಯಂ ಆಕ್ಸೈಡ್) ಹರಳು ಕಟ್ಟಿ, ತಣಿಯುತ್ತ ಬಂದಂತೆ ಅದರ ಸುತ್ತ ಹೆಮಟೈಟ್ ಎಂಬ ಕೆಂಪು ಕಬ್ಬಿಣದ ಆಕ್ಸೈಡ್ ಬೆಳೆಯುತ್ತದೆ. ಸಣ್ಣ ಕಿಲ್ನ್ ಸ್ವಿಚ್ ಆರಿದೊಡನೆ ಸರ್ರನೆ ತಣಿಯುವುದರಿಂದ ಹರಳಿಗೆ ಬೆಳೆಯಲು ಹೊತ್ತೇ ಸಿಗದೆ ಗೆರೆ ಪೇಲವವಾಗುತ್ತದೆ. 800 ಡಿಗ್ರಿವರೆಗೆ ನಿಮಿಷಕ್ಕೆ ಒಂದೆರಡು ಡಿಗ್ರಿಯಂತೆ ಇಳಿಯುವ ಹಾಗೆ ಕಂಟ್ರೋಲರಿನಲ್ಲಿ ಹೊಂದಿಸಿಡಿ. ರಾತ್ರಿ ಕರೆಂಟ್ ಹೋಗುವ ಊರಾದರೆ ಇಳಿಸುವ ಪಾಳಿಯನ್ನು ಹಗಲಿಗಿಟ್ಟುಕೊಳ್ಳಿ.