ಮಾಸ್ಟರ್ ಶೀಟಿನ 214ನೇ ಸಾಲು

ಇರುವೆ ಸಮೀಕ್ಷೆಯ ಜಾತಿ ಪುಟಗಳು, ಅಂದರೆ ಒಂದೊಂದು ಇರುವೆ ಜಾತಿಯ ವಿವರದ ಪುಟಗಳು, ಶುಕ್ರವಾರದೊಳಗೆ ಮುಗಿಯಬೇಕು ಅಂತ ಮೇಲಿನಿಂದ ಒತ್ತಡ. ಶಿರಸಿ ಸುತ್ತಿನ ಸೊಪ್ಪಿನ ಬೆಟ್ಟ, ಅಡಿಕೆ ತೋಟಗಳಲ್ಲಿ ಪಿಟ್‌ಫಾಲ್ ಬೋನು ಹೂತು, ದರಕು (ಉದುರಿದ ಒಣ ಎಲೆ) ಜರಡಿ ಹಿಡಿದು ತಂದ ಇರುವೆಗಳ ವಯಲ್‌ಗಳು ಮೇಜಿನ ತುಂಬ ಇದ್ದವು. ಒಂದೊಂದಕ್ಕೂ ಆಹಾರ ಪದ್ಧತಿ ಬರೆಯುತ್ತ ಕೂರಲು ಹೊತ್ತೆಲ್ಲಿ? ಟ್ರೈಬ್ (ಹತ್ತಿರದ ಸಂಬಂಧದ ಕುಲಗಳ ಗುಂಪು) ಕಾಲಮ್ ನೋಡಿ ಅದು ತಾನೇ ತುಂಬಿಕೊಳ್ಳಲಿ ಅಂತ ಶೀಟಿನಲ್ಲಿ ಲುಕಪ್ ಸೂತ್ರ ಹಾಕಿದೆ. ಅಟ್ಟಿನಿ ಎಂಬ ಟ್ರೈಬ್ ಅಂದರೆ ಶಿಲೀಂಧ್ರ ಕೃಷಿ, ಗೂಡಿನೊಳಗೆ ಶಿಲೀಂಧ್ರ ಬೆಳೆದು ತಿನ್ನುವ ಇರುವೆಗಳು. ಓದುವಾಗ ಕಲಿತದ್ದೇ ಹಾಗೆ.

214ನೇ ಸಾಲಿನಲ್ಲಿ ಫೀಡೋಲೆ, ದೊಡ್ಡ ತಲೆಯ ಇರುವೆ. ಹೊಸ ಚೆಕ್‌ಲಿಸ್ಟಿನಿಂದ ಅದರ ಟ್ರೈಬ್ ಅಟ್ಟಿನಿ ಅಂತ ಬಂತು, ಪಕ್ಕದಲ್ಲಿ 'ಶಿಲೀಂಧ್ರ ಬೆಳೆಯುತ್ತದೆ' ಅಂತ ತುಂಬಿತು. ಅನುಮಾನ ಬರಬೇಕಿತ್ತು. ಬರಲಿಲ್ಲ, ಮೈ ಜುಮ್ಮೆಂದಿತು. ಆ ಇರುವೆಗಳನ್ನು ಹಿಡಿದದ್ದು ಒಂದು ಹುತ್ತದೊಳಗೆ. ಗುದ್ದಲಿ ತಾಗಿದಾಗ ಒಳಗೆ ಕಂದು ಬಣ್ಣದ, ಸುಕ್ಕುಸುಕ್ಕಾದ ಗೂಡು ಕಂಡಿತ್ತು, ಅದರ ಮೇಲೆ ಸಾಸಿವೆಗಿಂತ ಸಣ್ಣ ಬಿಳಿ ಕಾಳುಗಳು. ಶಿಲೀಂಧ್ರದ ತೋಟವೇ! ಶೀಟೂ ಅದನ್ನೇ ಹೇಳುತ್ತಿದೆ, ನನ್ನ ಕಣ್ಣೂ ಅದನ್ನೇ ಕಂಡಿದೆ. ರಾತ್ರಿಯೇ ಕೂತು ಪತ್ರಿಕಾ ಟಿಪ್ಪಣಿಯ ಕರಡು ಬರೆದೆ. 'ಭಾರತದಲ್ಲಿ ಮೊದಲ ಬಾರಿ' ಎಂಬ ಮಾತೂ ಅದರಲ್ಲಿತ್ತು.

ಪರಿಶೀಲನಾ ಸಭೆಗೆ ಕೀಟಶಾಸ್ತ್ರದ ಮೇಡಂ ಬಂದಿದ್ದರು. ಆ ಸ್ಲೈಡ್ ಬಂದಾಗ ಅವರು ಕೈಯೆತ್ತಿ ನಿಲ್ಲಿಸಿ, "ಆಂಟೆನಾದಲ್ಲಿ ಎಷ್ಟು ಖಂಡ ಎಣಿಸಿದ್ದೀರಿ?" ಎಂದು ಕೇಳಿದರು. ಇರುವೆಯ ಮೀಸೆಯ ಗಿಣ್ಣುಗಳನ್ನು ನಾನು ಎಣಿಸಿಯೇ ಇರಲಿಲ್ಲ. "ಮೈಕ್ರೋಸ್ಕೋಪ್ ತನ್ನಿ, ಈಗಲೇ ನೋಡೋಣ."

ಎಲ್ಲರ ಎದುರು ವಯಲ್ ತೆರೆದೆ. ಚಿಮಟ ಹಿಡಿದ ಕೈ ನಡುಗಿ ಮೊದಲನೆಯದರ ಆಂಟೆನಾವೇ ಮುರಿಯಿತು. ಎರಡನೆಯದನ್ನು ಇಟ್ಟು ಎಣಿಸಿದೆ, ಹನ್ನೆರಡು. ತಪ್ಪಿರಬಹುದು ಅಂತ ಮತ್ತೆ ಎಣಿಸಿದೆ, ಹನ್ನೆರಡು. ಲೆನ್ಸಿನಿಂದ ಕಣ್ಣು ತೆಗೆಯಲು ಮನಸ್ಸಾಗದೆ ಮೂರನೇ ಸಲವೂ ಎಣಿಸಿದೆ. ಹಿಂದೆ ಫ್ಯಾನಿನ ಸದ್ದು ಬಿಟ್ಟರೆ ಯಾರೂ ಮಾತಾಡುತ್ತಿರಲಿಲ್ಲ.

"ಶಿಲೀಂಧ್ರ ಬೆಳೆಯುವ ಇರುವೆಗೆ ಹನ್ನೊಂದು ಇರಬೇಕು" ಅಂದರು ಮೇಡಂ. ಗದರಲಿಲ್ಲ, ಅದೇ ಹೆಚ್ಚು ಚುಚ್ಚಿತು.

ಮೊದಲು ಅಟ್ಟಿನಿ ಅಂದರೆ ಶಿಲೀಂಧ್ರ ಕೃಷಿಕ ಇರುವೆಗಳು ಮಾತ್ರ. 2015ರಲ್ಲಿ ಡಿಎನ್‌ಎ ಆಧಾರದ ಮೇಲೆ ವರ್ಗೀಕರಣ ಬದಲಾಗಿ ಫೀಡೋಲೆ, ಸ್ಟ್ರುಮಿಜೆನಿಸ್ ಮುಂತಾದವೂ ಆ ಟ್ರೈಬಿಗೆ ಸೇರಿದವು. ಕೃಷಿಕರು ಈಗ ಅದರೊಳಗಿನ ಅಟ್ಟಿನಾ ಎಂಬ ಉಪಗುಂಪು. ಹಳೆಯ ಅರ್ಥವನ್ನು ಹೊಸ ಪಟ್ಟಿಗೆ ಗಂಟು ಹಾಕಿದವನು ನಾನು.

ಅಟ್ಟಿನಾದಲ್ಲಿ ಸುಮಾರು 250 ಜಾತಿಗಳಿವೆ, ಎಲ್ಲವೂ ಅಮೆರಿಕ ಖಂಡಗಳವೇ. ಎಲೆ ಕತ್ತರಿಸುವ ಅಟ್ಟಾ, ಆಕ್ರೊಮಿರ್ಮೆಕ್ಸ್‌ಗಳು ಎಲ್ಲರಿಗೂ ಗೊತ್ತು. ಮೈಕೊಸೆಪುರಸ್ ಸ್ಮಿಥಿಯಂಥವು ಎಲೆ ಕತ್ತರಿಸದೆ ಕಂಬಳಿಹುಳದ ಹಿಕ್ಕೆ ಹೊತ್ತು ತಂದು ಶಿಲೀಂಧ್ರಕ್ಕೆ ಉಣಿಸುತ್ತವೆ, ಮೆಕ್ಸಿಕೊದಿಂದ ಅರ್ಜೆಂಟೀನಾದವರೆಗೂ ಇವೆ. ಟ್ರಾಕಿಮಿರ್ಮೆಕ್ಸ್ ಸೆಪ್ಟೆಂಟ್ರಿಯೊನಾಲಿಸ್ ಉತ್ತರಕ್ಕೆ ನ್ಯೂಯಾರ್ಕಿನ ಲಾಂಗ್ ಐಲೆಂಡ್‌ವರೆಗೆ ಹೋಗಿದೆ. ನಮ್ಮ ಕಡೆ ಒಂದೂ ಇಲ್ಲ. ಆಫ್ರಿಕಾ, ಏಷ್ಯಾಗಳಲ್ಲಿ ಈ ಬೇಸಾಯ ಮಾಡುವುದು ಗೆದ್ದಲು. ಅಮೆರಿಕದಲ್ಲಿ ಹಾಗೆ ಬೇಸಾಯ ಮಾಡುವ ಗೆದ್ದಲೇ ಇಲ್ಲ. ನಾನು ಕಂಡ ಗೂಡು ಗೆದ್ದಲಿನದು. ಮಳೆ ಹಿಡಿದ ಮೇಲೆ ಹುತ್ತದ ಮೇಲೆ ಏಳುವ, ನಾವು ಹುಡುಕಿ ತಂದು ಪಲ್ಯ ಮಾಡುವ ಅಣಬೆ ಅದೇ ಶಿಲೀಂಧ್ರದ್ದು.

ಲುಕಪ್ಪಿನ ತಪ್ಪು ಹೇಗೋ ತಿದ್ದಬಹುದು. ಇಂದಿಗೂ ಕುಟುಕುವುದು ಬೇರೆ. ಹುತ್ತ ಅಗೆದ ದಿನ ತೋಟದ ಅಜ್ಜ ಪಕ್ಕದಲ್ಲೇ ನಿಂತಿದ್ದರು. "ತಮಾ, ಅದು ಒರಲೆ ಗೂಡು. ಇರುವೆ ಒರಲೆ ತಿಂಬಲೆ ಬಂಜು" ಅಂದಿದ್ದರು; ಅದು ಗೆದ್ದಲಿನ ಗೂಡು, ಗೆದ್ದಲು ತಿನ್ನಲು ಇರುವೆ ಬಂದಿದೆ ಅಂತ. ನಾನು ಹೂಂ ಅಂದು ವಯಲ್ ಮುಚ್ಚಿದ್ದೆ. ಜಿಪಿಎಸ್, ತೇವಾಂಶ, ಕ್ವಾಡ್ರಾಟ್ ನಂಬರ್ ಎಲ್ಲ ಬರೆದುಕೊಂಡವನು ಆ ಒಂದು ಮಾತು ಬರೆದುಕೊಳ್ಳಲಿಲ್ಲ.

'ಸ್ಥಳದವರು ಹೇಳಿದ್ದು' ಅಂತ ಒಂದು ಕಾಲಮ್ ಸೇರಿಸಿ ಅಂತ ಮೂರು ಸಲ ಕೇಳಿದ್ದೇನೆ. ಫಾರ್ಮ್ಯಾಟ್ ಫ್ರೀಜ್ ಆಗಿದೆ, ಬದಲಿಸಲಾಗದು ಅನ್ನುತ್ತಾರೆ. ವಾರಕ್ಕೆ ಎಷ್ಟು ಪುಟ ಆಯಿತು ಅಂತ ಕೇಳುವವರು ಎಷ್ಟು ಮಾದರಿ ಎಣಿಸಿ ನೋಡಿದೆ ಅಂತ ಒಂದು ದಿನವೂ ಕೇಳಿಲ್ಲ.

ಈಗ ಲೇಬಲ್ಲಿನ ಹಿಂಬದಿಗೆ ಪೆನ್ಸಿಲಿನಲ್ಲಿ ಬರೆಯುತ್ತೇನೆ. ಆ ವಯಲ್ಲಿಗೂ ಹೊಸ ಲೇಬಲ್ ಹಾಕಿದ್ದೇನೆ: ಮುಂದೆ ಫೀಡೋಲೆ, ಹಿಂದೆ ಅಜ್ಜನ ಮಾತು.