ಲೇಟೆಕ್ ಲಾಗ್ ಓದುವ ಸ್ಕ್ರಿಪ್ಟು: 79ನೇ ಅಕ್ಷರದ ಕಾಟ

ಲೇಟೆಕ್ ಕಡತದಿಂದ ಪಿಡಿಎಫ್ ಮಾಡುವ ಪಿಡಿಎಫ್‌ಲೇಟೆಕ್ ಎಕ್ಸಿಟ್ ಕೋಡ್ ಸೊನ್ನೆ (ಅಂದರೆ ‘ಎರರ್ ಇಲ್ಲ’) ಕೊಟ್ಟಿತೆಂದು ಸ್ಕ್ರಿಪ್ಟು ಅಲ್ಲಿಗೇ ಸುಮ್ಮನಾದರೆ, ಚಿತ್ರದ ಸಂಖ್ಯೆ ಇರಬೇಕಾದ ಜಾಗದಲ್ಲಿ ಎರಡು ಪ್ರಶ್ನಾರ್ಥಕ ಚಿಹ್ನೆ ಹಾಗೇ ಅಚ್ಚಾಗಿಬಿಡುತ್ತವೆ. ಸಿಗದ ರೆಫರೆನ್ಸ್ (ಲೇಬಲ್ ಎಂಬ ಹೆಸರಿನಿಂದ ಚಿತ್ರ ಮುಂತಾದವನ್ನು ಸೂಚಿಸುವುದು) ಲೇಟೆಕ್ ಲೆಕ್ಕದಲ್ಲಿ ಎರರ್ ಅಲ್ಲ, ಬರೀ ವಾರ್ನಿಂಗ್. ಅದಕ್ಕೇ ಕಂಪೈಲ್ ಮುಗಿದ ಮೇಲೆ ಲಾಗ್ ಫೈಲನ್ನು (ಕಂಪೈಲಿನ ವರದಿ) ಗ್ರೆಪ್ ಎಂಬ ಹುಡುಕುವ ಕಮಾಂಡಿನಿಂದ ಜಾಲಾಡುವ ನಾಲ್ಕು ಸಾಲಿನ ಶೆಲ್ ಸ್ಕ್ರಿಪ್ಟು ಬೇಕು.

ಗ್ರೆಪ್ ಕೂಡ ಕೈಕೊಡುತ್ತದೆ. ಲೇಟೆಕ್‌ನ ಒಳಗೆ ಕೆಲಸ ಮಾಡುವ ಟೆಕ್ ಲಾಗ್‌ನ ಸಾಲುಗಳನ್ನು 79 ಅಕ್ಷರಕ್ಕೆ ಕತ್ತರಿಸುತ್ತದೆ, ಪದದ ನಡುವೆ ಬಂದರೂ ಅದಕ್ಕೆ ಲೆಕ್ಕವಿಲ್ಲ. ಲೇಬಲ್ 35 ಅಕ್ಷರದ್ದು, ಪುಟ 12 ಎಂದಿಟ್ಟುಕೊಳ್ಳಿ. ಆಗ ವಾರ್ನಿಂಗ್‌ನಲ್ಲಿರುವ ‘ಅನ್‌ಡಿಫೈನ್ಡ್’ ಪದದ ಐದು ಇಂಗ್ಲಿಷ್ ಅಕ್ಷರ ಒಂದು ಸಾಲಿಗೆ, ಮಿಕ್ಕ ನಾಲ್ಕು ಮುಂದಿನ ಸಾಲಿಗೆ. ಆ ಪದ ಹುಡುಕುವ ಗ್ರೆಪ್‌ಗೆ ಈ ರೆಫರೆನ್ಸ್ ಕಾಣುವುದೇ ಇಲ್ಲ. ಟೆಕ್ ಲೈವ್ ಎಂಬ ಟೆಕ್ ವಿತರಣೆಯಲ್ಲಾದರೆ ಮದ್ದು ಸುಲಭ: ಕಂಪೈಲ್‌ಗೆ ಮೊದಲು ‘ಮ್ಯಾಕ್ಸ್_ಪ್ರಿಂಟ್_ಲೈನ್’ ಎಂಬ ಎನ್ವಿರಾನ್ಮೆಂಟ್ ವೇರಿಯಬಲ್‌ಗೆ 1000 ಕೊಟ್ಟು ಎಕ್ಸ್‌ಪೋರ್ಟ್ ಮಾಡಿ. ಹೆಸರು ಪೂರ್ತಿ ಸಣ್ಣಕ್ಷರದಲ್ಲೇ ಇರಬೇಕು.

ಕಂಪೈಲ್ ಮಾಡುವಾಗ ಇಂಟರಾಕ್ಷನ್ ಆಪ್ಷನ್‌ಗೆ ನಾನ್‌ಸ್ಟಾಪ್‌ಮೋಡ್ ಕೊಡಿ. ಇಲ್ಲದಿದ್ದರೆ ಎರರ್ ಬಂದಾಗ ಟೆಕ್ ಪ್ರಶ್ನೆ ಹಾಕಿ ಉತ್ತರಕ್ಕೆ ಕಾಯುತ್ತಾ ಕೂರುತ್ತದೆ, ಸ್ಕ್ರಿಪ್ಟೂ ಅದರ ಜೊತೆ ಕೂರುತ್ತದೆ. ಫೈಲ್-ಲೈನ್-ಎರರ್ ಆಪ್ಷನ್ ಸೇರಿಸಿದರೆ ತಪ್ಪು ಯಾವ ಫೈಲಿನ ಎಷ್ಟನೇ ಸಾಲಿನದು ಎಂಬುದೂ ಸಿಗುತ್ತದೆ.

ಸೆಟ್ ಮೈನಸ್ ಇ (ಕಮಾಂಡ್ ಸೋತರೆ ಸ್ಕ್ರಿಪ್ಟನ್ನೇ ನಿಲ್ಲಿಸುವ ಸಾಲು) ಹಾಕಿಕೊಳ್ಳುವವರಿಗೆ ಒಂದು ಮಾತು. ಹುಡುಕಿದ್ದು ಸಿಗದಿದ್ದರೆ ಗ್ರೆಪ್ ಎಕ್ಸಿಟ್ ಕೋಡ್ 1 ಕೊಡುತ್ತದೆ. ಅಂದರೆ ಡಾಕ್ಯುಮೆಂಟ್ ಸರಿಯಿದ್ದಾಗಲೇ ಸ್ಕ್ರಿಪ್ಟು ಸಾಯುತ್ತದೆ! ಗ್ರೆಪ್ ಅನ್ನು ಇಫ್ ಒಳಗೆ ಹಾಕಿ. ಲೇಟೆಕ್‌ನ ಔಟ್‌ಪುಟ್ ಅನ್ನು ಪರದೆಗೂ ಫೈಲಿಗೂ ಬರೆಯುವ ಟೀ ಕಮಾಂಡಿಗೆ ಪೈಪ್ ಮಾಡಿದ್ದರೆ ಶೆಲ್‌ಗೆ ಸಿಗುವುದು ಟೀಯ ಎಕ್ಸಿಟ್ ಕೋಡ್, ಲೇಟೆಕ್‌ನದಲ್ಲ. ಅಲ್ಲಿ ಪೈಪಿನ ಯಾವ ಕಮಾಂಡ್ ಸೋತರೂ ತಿಳಿಸುವ ಪೈಪ್‌ಫೇಲ್ ಸೆಟ್ ಮಾಡಿರಬೇಕು.

ಹೊಸದಾಗಿ ಕಂಪೈಲ್ ಮಾಡುವಾಗ ಲೇಬಲ್‌ಗಳ ಸಂಖ್ಯೆ ಬರೆದಿಡುವ ಆಕ್ಸ್ ಫೈಲ್ ಇರುವುದಿಲ್ಲ, ಮೊದಲ ಸುತ್ತಿನಲ್ಲಿ ಎಲ್ಲ ರೆಫರೆನ್ಸೂ ಕಾಣೆಯೇ. ಕೊನೆಯ ಸುತ್ತಿನ ಲಾಗ್ ಮಾತ್ರ ನೋಡಿ. ಎಷ್ಟು ಸುತ್ತು ಬೇಕೆಂಬ ಲೆಕ್ಕವನ್ನು, ಬೇಕಾದಷ್ಟು ಸಲ ತಾನೇ ಕಂಪೈಲ್ ಮಾಡುವ ಲೇಟೆಕ್‌ಎಂಕೆ ಪ್ರೋಗ್ರಾಮಿಗೆ ಬಿಡಿ. ಅದಕ್ಕೆ ನೀವೇ ಲೂಪ್ ಬರೆಯುವುದು ದಂಡ.

ಎರಡೆರಡು ಬಾರಿ ಬಂದ ಲೇಬಲ್ ಹಿಡಿಯಲು ಲಾಗ್ ಕೂಡ ಬೇಡ. ಟೆಕ್ ಫೈಲುಗಳಿಂದ ಲೇಬಲ್ ಕಮಾಂಡುಗಳನ್ನಷ್ಟೇ ಗ್ರೆಪ್‌ನ ಒ, ಎಚ್ ಆಪ್ಷನ್‌ಗಳಿಂದ (ಸಿಕ್ಕ ಭಾಗವನ್ನಷ್ಟೇ, ಫೈಲಿನ ಹೆಸರಿಲ್ಲದೆ ಕೊಡುವವು) ಹೆಕ್ಕಿ, ಸಾರ್ಟ್ ಮಾಡಿ, ಮರುಕಳಿಸಿದ ಸಾಲುಗಳನ್ನಷ್ಟೇ ತೋರಿಸುವ ಯುನಿಕ್ ಮೈನಸ್ ಡಿಗೆ ಕೊಡಿ. ಯುನಿಕ್ ಅಕ್ಕಪಕ್ಕದ ಸಾಲುಗಳನ್ನಷ್ಟೇ ಹೋಲಿಸುತ್ತದೆ, ಸಾರ್ಟ್ ಬಿಟ್ಟರೆ ಉತ್ತರ ಸುಳ್ಳು. ಕಾಮೆಂಟ್ ಆದ ಹಳೆಯ ಲೇಬಲ್‌ಗಳೂ ಲೆಕ್ಕಕ್ಕೆ ಬರುತ್ತವೆ. ಕಾಮೆಂಟ್ ಶುರುಮಾಡುವ ಶೇಕಡಾ ಚಿಹ್ನೆಯಿಂದ ಆಚೆಗಿನದನ್ನು ಪಠ್ಯ ತಿದ್ದುವ ಸೆಡ್ ಕಮಾಂಡಿನಲ್ಲಿ ಮೊದಲೇ ಕಿತ್ತುಹಾಕಿ, ಆದರೆ ಅದರ ಹಿಂದೆ ಬ್ಯಾಕ್‌ಸ್ಲ್ಯಾಷ್ ಇದ್ದರೆ ಮುಟ್ಟಬೇಡಿ. ಅದು ಪಠ್ಯದೊಳಗಿನ ನಿಜವಾದ ಶೇಕಡಾ.