ಕೊಟ್ಟಿಗೆಹಾರದ ನಾರ್ನಿಯಾ

ಕನ್ನಡದಲ್ಲಿ ಮಂಜು ಅಂದರೆ ಎರಡೂ ಹೌದು. ಹಿಮಾಲಯದಲ್ಲಿ ನೆಲದ ಮೇಲೆ ಬಿದ್ದು ಗಟ್ಟಿಯಾಗುವುದೂ ಮಂಜೇ, ಕೊಟ್ಟಿಗೆಹಾರದಲ್ಲಿ ಬಸ್ಸಿನ ಹೆಡ್‌ಲೈಟನ್ನೇ ನುಂಗಿಹಾಕುವುದೂ ಮಂಜೇ. ಇದೊಂದರಿಂದಾಗಿ ನಾನು ಎಷ್ಟೋ ವರ್ಷ ಬೇರೆಯದೇ ನಾರ್ನಿಯಾದಲ್ಲಿ ಓಡಾಡಿಕೊಂಡಿದ್ದೆ.

ಬೀರುವಿನ ಮೂಲಕ ನಾರ್ನಿಯಾ ಎಂಬ ಮಾಯಾಲೋಕಕ್ಕೆ ಹೋಗುವ ಮಕ್ಕಳ ಕಥೆ, ಸಿ.ಎಸ್. ಲೂಯಿಸರ ‘ದ ಲಯನ್, ದ ವಿಚ್ ಅಂಡ್ ದ ವಾರ್ಡ್‌ರೋಬ್’ ಪುಸ್ತಕವನ್ನು ಬೆಂಗಳೂರಿನ ಮಾವ ತಂದುಕೊಟ್ಟಾಗ ನಾನು ಆರನೇ ಕ್ಲಾಸು. ಮೂಡಿಗೆರೆ ಹತ್ತಿರದ ತೋಟದ ಮನೆ, ಪಕ್ಕದಲ್ಲಿ ನಿಘಂಟು. ಸ್ನೋ ಎಂದು ಹುಡುಕಿದರೆ ‘ಮಂಜು, ಹಿಮ’ ಅಂತಿತ್ತು. ಮೊದಲನೆಯದು ಗೊತ್ತಿತ್ತಲ್ಲ, ಎರಡನೆಯದರ ಗೋಜಿಗೇ ಹೋಗಲಿಲ್ಲ.

ನನಗೆ ಬಾಯಿಪಾಠವಾಗಿದ್ದು ಬೀರುವಿನ ದೃಶ್ಯ. ಲೂಸಿ ಎಂಬ ಹುಡುಗಿ ಬಾಗಿಲು ತೆಗೆದ ಕೂಡಲೇ ಎರಡು ನುಸಿಗುಳಿಗೆ ಉದುರುತ್ತವೆ. ತುಪ್ಪಳದ ಕೋಟುಗಳ ನಡುವೆ ನುಗ್ಗುತ್ತಾಳೆ, ಹಿಂದಿನ ಹಲಗೆ ಕೈಗೆ ಸಿಗುವುದೇ ಇಲ್ಲ. ಕಾಲಡಿ ಕರಕರ ಅನ್ನುತ್ತದೆ, ಇನ್ನಷ್ಟು ನುಸಿಗುಳಿಗೆ ಇರಬೇಕು ಅಂದುಕೊಂಡು ಬಗ್ಗುತ್ತಾಳೆ. ಪುಡಿಪುಡಿ, ತಣ್ಣಗೆ ಅಂತ ಪುಸ್ತಕವೇನೋ ಹೇಳುತ್ತೆ. ಆದರೆ ಕರಕರ ಅಂದಮೇಲೆ ನನಗದು ತೋಟದ ತರಗೆಲೆ. ಸುತ್ತ ಸಿಲ್ವರ್ ಓಕ್ ಮರಗಳು, ಮಂಜು, ದೂರದಲ್ಲಿ ತೋಟದ ಆಳುಗಳ ಲೈನ್ ಮನೆ ದಾರಿಯ ದೀಪದ ಕಂಬ. (ನಮ್ಮಲ್ಲಿ ತರಗೆಲೆ ಚೆನ್ನಾಗಿ ಒಣಗುವ ಹೊತ್ತಿಗೆ ಅಷ್ಟು ಮಂಜು ಉಳಿದಿರುವುದಿಲ್ಲ. ಆಗ ಅದೆಲ್ಲ ಯಾರಿಗೆ ಬೇಕಿತ್ತು!)

ಬೀರುವಿನೊಳಗೆ ಹೋಗಿ ಬಾಗಿಲು ಹಾಕಿಕೊಳ್ಳುವುದು ಮೂರ್ಖತನ ಅಂತ ಲೂಯಿಸ್ ಮತ್ತೆ ಮತ್ತೆ ಎಚ್ಚರಿಸುತ್ತಾರೆ. ಆದರೂ ಅಜ್ಜಿಯ ಬೀರುವಿನಲ್ಲಿ ಕಂಬಳಿ, ರೇಷ್ಮೆ ಸೀರೆಗಳ ಕೆಳಗೆ ಕೂತು ಬಾಗಿಲು ಎಳೆದುಕೊಂಡೆ. ಚಿಲಕ ಹೊರಗಿನಿಂದ ಬಿತ್ತು. ಅಜ್ಜಿ ತೆಗೆದಾಗ ಅತ್ತು ಅತ್ತು ಮೂಗು ಕೆಂಪಾಗಿತ್ತು, ಅವರ ಧಾರೆ ಸೀರೆಗೆ ಸಿಂಬಳ.

2005ರಲ್ಲಿ ಸಿನಿಮಾ ಬಂದಾಗ ಬೇಕೆಂದೇ ನೋಡಲಿಲ್ಲ. ಮೊನ್ನೆ ಚಿಕ್ಕಮಗಳೂರಿನ ಮನೆಯಲ್ಲಿ ಮಗಳು ಟಿವಿಯಲ್ಲಿ ಹಾಕಿದಳು, ತಪ್ಪಿಸಿಕೊಳ್ಳುವಂತಿರಲಿಲ್ಲ. ಪುಸ್ತಕದಲ್ಲಿ ಲೂಸಿ ಮೊದಲ ಸಲ ಬೀರು ಹೊಗುವುದು ಮಳೆ ದಿನ ಮನೆಯೆಲ್ಲ ಸುತ್ತುವಾಗ, ಇಲ್ಲಿ ಕಣ್ಣಾಮುಚ್ಚಾಲೆ ಆಡುವಾಗ. ಅದಕ್ಕೇ ಸಣ್ಣಗೆ ಸಿಟ್ಟು ಬಂತು. ಹಿಂದೆ ಹಿಂದೆ ಹೆಜ್ಜೆ ಇಡುತ್ತಾ ಹೋದ ಹುಡುಗಿ ತಿರುಗಿದಳು. ಬಿಳಿ. ಬರೀ ಬಿಳಿ. ಒಂದು ತರಗೆಲೆಯಿಲ್ಲ. ನನ್ನ ಕಾಡನ್ನು ಯಾರೋ ಸುಣ್ಣ ಬಳಿದು ಮುಚ್ಚಿದ ಹಾಗೆ.

ಆದರೆ ಆ ಹುಡುಗಿಯ ಮುಖ! ಅವಳನ್ನು ಕಣ್ಣಿಗೆ ಬಟ್ಟೆ ಕಟ್ಟಿ ಸೆಟ್ಟಿಗೆ ಕರೆತಂದಿದ್ದರಂತೆ, ಅವಳು ಆ ಕಾಡನ್ನು ನೋಡಿದ್ದು ನಿಜಕ್ಕೂ ಮೊದಲ ಸಲ. ಅದಕ್ಕೆ ಎದುರಾಡಲು ನನ್ನ ಹತ್ತಿರ ಏನೂ ಇರಲಿಲ್ಲ. ಆಮೇಲೆ ದೀಪದ ಕಂಬ, ಕೊಡೆ ಹಿಡಿದ ಟಮ್ನಸ್. ಸೊಂಟದ ಕೆಳಗೆ ಮೇಕೆ, ಮೇಲೆ ಬರಿಮೈ, ಕುತ್ತಿಗೆಗೊಂದು ಕೆಂಪು ಮಫ್ಲರ್. ಕೊಡೆ, ಪೊಟ್ಟಣ ಹಿಡಿದು ಹಿಮದ ಕಾಡಿನಲ್ಲಿ ನಡೆವ ಈತನ ಚಿತ್ರ ಲೂಯಿಸರ ತಲೆಯಲ್ಲಿ ಹದಿನಾರನೇ ವಯಸ್ಸಿನಿಂದಲೇ ಇತ್ತಂತೆ. ಪುಸ್ತಕ ಬಂದದ್ದು 1950ರಲ್ಲಿ, ಅವರಿಗೆ ಐವತ್ತು ದಾಟಿದ ಮೇಲೆ.

ಅಷ್ಟರಲ್ಲಿ ಕಾಫಿ ಲೋಟ ಹಿಡಿದು ಬಂದ ಅಮ್ಮ ಟಿವಿ ಮುಂದೆ ನಿಂತರು.

“ಯಾರೇ ಅದು?”

“ಟಮ್ನಸ್ ಅಂತ, ಅಜ್ಜಿ,” ಅಂದಳು ಮಗಳು.

“ಕೊಡೆ ಇದೆ, ಮಫ್ಲರೂ ಇದೆ. ನಮ್ಮ ಕಡೆಯವನೇ,” ಅಂದರು ಅಮ್ಮ. “ಅಂಗಿ ಯಾಕೆ ಹಾಕಿಲ್ವಂತೆ?”